ಲೆಕ್ಕ ತಪ್ಪುತ್ತಿದ್ದ ಹುಡುಗ, ಲಯ ತಪ್ಪದ ವಾದಕ

ಮಗ್ಗಿ ಬಾರದ ಮಗುವಿರುವ ಮನೆಯಲ್ಲಿ ಅಂಕಪಟ್ಟಿ ಬರುವ ದಿನವೆಂದರೆ ಸಣ್ಣದೊಂದು ಶೋಕದ ದಿನ. ಅದೇ ಲೆಕ್ಕವನ್ನು ನಿನ್ನೆ ಮಾಡಿದ ಮಗು ಇಂದು ತಡವರಿಸುತ್ತದೆ. ಗಡಿಯಾರ ನೋಡಿ ಹೊತ್ತು ಹೇಳಲು ಹಿಂಜರಿಯುತ್ತದೆ. ಅಂಗಡಿಗೆ ಕಳುಹಿಸಿದರೆ ಚಿಲ್ಲರೆ ಎಣಿಸಲಾರದೆ ಮುಷ್ಟಿಯಲ್ಲಿ ಹಿಡಿದು ತರುತ್ತದೆ. ಶಿಕ್ಷಕರು 'ಗಮನವಿಲ್ಲ' ಎನ್ನುತ್ತಾರೆ. ತಂದೆ 'ಸೋಮಾರಿ' ಎನ್ನುತ್ತಾನೆ. ತಾಯಿ ಸಂತ ಅಂತೋನಿಯವರಿಗೆ ಹರಕೆ ಹೊರುತ್ತಾಳೆ. ಮಗು ಮಾತ್ರ ಏನನ್ನೂ ಹೇಳುವುದಿಲ್ಲ. ತನ್ನೊಳಗೆ ಏನು ನಡೆಯುತ್ತಿದೆ ಎಂಬುದು ಅದಕ್ಕೇ ತಿಳಿದಿರುವುದಿಲ್ಲ.

ಇಂತಹ ತೊಡಕನ್ನು ಹೊತ್ತುಕೊಂಡೇ ಬೆಳೆದ ಒಬ್ಬ ಕಥೋಲಿಕ ಮನೆತನದ ಹುಡುಗ, ಮುಂದೆ ಜಗತ್ತಿನ ಅತ್ಯಂತ ಪ್ರಸಿದ್ಧ ರಾಕ್ ವಾದ್ಯವೃಂದಗಳಲ್ಲೊಂದರ ತಾಳವನ್ನು ನಾಲ್ಕು ದಶಕಗಳಿಗೂ ಮಿಕ್ಕಿ ಕಾಯ್ದ. ಅವರೇ ಐರ್ಲೆಂಡಿನ 'ಯು-ಟು' ವೃಂದದ ಡ್ರಮ್ ವಾದಕ ಲ್ಯಾರಿ ಮಲೆನ್ ಜೂನಿಯರ್. ಅಂಕಿಗಳೊಂದಿಗಿನ ತಮ್ಮ ಹೆಣಗಾಟಕ್ಕೆ 'ಡಿಸ್ಕ್ಯಾಲ್ಕುಲಿಯಾ' ಎಂಬ ಹೆಸರಿದೆಯೆಂಬುದನ್ನು ಅವರು ಬಹಿರಂಗವಾಗಿ ಹೇಳಿಕೊಂಡದ್ದು 2024ರ ಕೊನೆಯಲ್ಲಿ. ಆಗ ಅವರಿಗೆ 63 ವರ್ಷ. ತಾಳವಾದ್ಯಗಾರನಿಗೆ ಎಣಿಕೆಯೇ ಕಷ್ಟವೆಂದರೆ, ಚಿತ್ರಕಾರನಿಗೆ ಬಣ್ಣ ಕಾಣದೆಂದಂತೆ. ಆದರೂ ಅದು ನಿಜ. ಆ ನಿಜದಲ್ಲಿ ಹೆತ್ತವರಾದ ನಾವು ಕಲಿಯಬೇಕಾದದ್ದು ಬಹಳಷ್ಟಿದೆ.

ಡಬ್ಲಿನ್ನಿನ ಬಾಲ್ಯ

ಲ್ಯಾರಿ ಹುಟ್ಟಿದ್ದು 1961ರ ಅಕ್ಟೋಬರ್ 31ರಂದು, ಸಕಲ ಸಂತರ ಹಬ್ಬದ ಹಿಂದಿನ ದಿನ. ಡಬ್ಲಿನ್ ನಗರದ ಉತ್ತರ ಭಾಗದ ಆರ್ಟೇನ್ ಬಡಾವಣೆಯಲ್ಲಿ ಅವರ ಮನೆ. ತಂದೆ ಸರ್ಕಾರಿ ನೌಕರರು, ತಾಯಿ ಗೃಹಿಣಿ. ಎಂಟನೆಯ ವಯಸ್ಸಿನಲ್ಲಿ ಹುಡುಗನನ್ನು ಪಿಯಾನೋ ಪಾಠಕ್ಕೆ ಸೇರಿಸಿದರು. ಅದು ಅವನಿಗೆ ಹಿಡಿಸಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ, 1971ರಲ್ಲಿ, ಜೋ ಬಾನಿ ಎಂಬ ಹೆಸರಾಂತ ವಾದಕರಲ್ಲಿ ಡ್ರಮ್ ಕಲಿಯತೊಡಗಿದ. ಅವರು ತೀರಿಕೊಂಡ ಮೇಲೆ ಅವರ ಮಗಳ ಬಳಿ ಅಭ್ಯಾಸ ಮುಂದುವರಿಸಿದ.

ಆರ್ಟೇನಿನಲ್ಲಿ 1872ರಿಂದಲೂ ಇದ್ದ ಬಾಲಕರ ವಾದ್ಯಮೇಳವೊಂದು ಐರ್ಲೆಂಡಿನಾದ್ಯಂತ ಹೆಸರು ಮಾಡಿತ್ತು. ಲ್ಯಾರಿ ಅದನ್ನು ಸೇರಿದ. ಆದರೆ ಕೂದಲು ಕತ್ತರಿಸಿಕೊಳ್ಳಬೇಕೆಂಬ ಆಜ್ಞೆಯಿಂದ ಮನಸ್ತಾಪವಾಗಿ ಕೆಲವೇ ದಿನಗಳಲ್ಲಿ ಹೊರಬಂದ. ಆ ಮೇಳ ಹುಟ್ಟಿದ್ದು ಕ್ರೈಸ್ತ ಸಹೋದರರ ಸಭೆ ನಡೆಸುತ್ತಿದ್ದ ಬಾಲಕರ ಕೈಗಾರಿಕಾ ಶಾಲೆಯಲ್ಲಿ. ಲ್ಯಾರಿ ಮೇಳಕ್ಕೆ ಹೋಗುವ ಮುನ್ನವೇ, 1969ರಲ್ಲಿ, ಆ ಶಾಲೆ ಮುಚ್ಚಿತ್ತು. ಅಲ್ಲಿ ಮಕ್ಕಳು ಅನುಭವಿಸಿದ ಕ್ರೌರ್ಯವನ್ನು 2009ರಲ್ಲಿ ಪ್ರಕಟವಾದ ವಿಚಾರಣಾ ಆಯೋಗದ ವರದಿ ಬಯಲಿಗೆ ತಂದಿತು. ಶಿಸ್ತಿನ ಹೆಸರಿನಲ್ಲಿ ಮಗುವಿನ ಮೇಲೆ ಎತ್ತಿದ ಕೈ ಎಷ್ಟು ದೊಡ್ಡ ಗಾಯವನ್ನು ಉಳಿಸುತ್ತದೆ ಎಂಬುದಕ್ಕೆ ನಮ್ಮ ಧರ್ಮಸಭೆಯ ಚರಿತ್ರೆಯಲ್ಲೇ ಸಾಕ್ಷಿಯಿದೆ ಎಂಬುದನ್ನು ತಲೆ ತಗ್ಗಿಸಿ ಒಪ್ಪಿಕೊಳ್ಳಬೇಕು.

ಅನಂತರ ಹುಡುಗ ಅಂಚೆ ನೌಕರರ ಸಂಘದ ವಾದ್ಯಮೇಳ ಸೇರಿದ. ಹೆಜ್ಜೆ ಹಾಕುತ್ತಲೇ ನುಡಿಸುವ ಆ ಮೆರವಣಿಗೆಯ ಮೇಳದಲ್ಲಿ ಅವನ ಕೈಗಳು ಪಳಗಿದವು. ಎಡ ಬಲ ಎಂದು ಕಾಲು ಹಾಕುವವನಿಗೆ ಎಣಿಕೆಯನ್ನು ತಲೆಯಲ್ಲಿ ಇಟ್ಟುಕೊಳ್ಳುವ ಅಗತ್ಯ ಕಡಿಮೆ; ಅದು ಪಾದದಲ್ಲೇ ಇರುತ್ತದೆ. ಅಂಕಿಗಳ ಮುಂದೆ ಸೋಲುತ್ತಿದ್ದ ಹುಡುಗನಿಗೆ ಈ ಶಿಕ್ಷಣ ಎಷ್ಟು ಒದಗಿ ಬಂದಿರಬೇಕೆಂಬುದನ್ನು ನಾವು ಊಹಿಸಬಹುದು.

ಅದೇ ವರ್ಷಗಳಲ್ಲಿ ಆ ಮನೆಯನ್ನು ಸಾವು ಎರಡು ಬಾರಿ ತಟ್ಟಿತು. 1973ರಲ್ಲಿ ಪುಟ್ಟ ತಂಗಿ ತೀರಿಕೊಂಡಳು. ಕೆಲವು ವರ್ಷಗಳಲ್ಲಿ ತಾಯಿಯೂ ರಸ್ತೆ ಅಪಘಾತದಲ್ಲಿ ಮಡಿದರು. ಹದಿಹರೆಯದ ಹುಡುಗನಿಗೆ ಉಳಿದದ್ದು ತಂದೆ, ಅಕ್ಕ ಮತ್ತು ಡ್ರಮ್.

ಅಡುಗೆಮನೆಯಲ್ಲಿ ಹುಟ್ಟಿದ ವೃಂದ

1976ರಲ್ಲಿ, ಹದಿನೈದು ತುಂಬುವ ಮುನ್ನವೇ, ಲ್ಯಾರಿ ತಾನು ಓದುತ್ತಿದ್ದ ಮೌಂಟ್ ಟೆಂಪಲ್ ಶಾಲೆಯ ಸೂಚನಾಫಲಕದಲ್ಲಿ ಒಂದು ಚೀಟಿ ಅಂಟಿಸಿದ. ವಾದ್ಯವೃಂದ ಕಟ್ಟಲು ಸಂಗಾತಿಗಳು ಬೇಕೆಂಬುದು ಅದರ ಸಾರ. ಸೆಪ್ಟೆಂಬರ್ 25ರಂದು ಬಂದ ಹುಡುಗರೆಲ್ಲ ಸೇರಿದ್ದು ಲ್ಯಾರಿಯ ಮನೆಯ ಅಡುಗೆಮನೆಯಲ್ಲಿ. ಮೊದಲ ಹತ್ತು ನಿಮಿಷ ಅದು ತನ್ನದೇ ವೃಂದವಾಗಿತ್ತು, ಬಾನೊ ಒಳಗೆ ಕಾಲಿಟ್ಟ ಮೇಲೆ ನಾಯಕತ್ವ ಕೈತಪ್ಪಿತು ಎಂದು ಅವರು ಇಂದಿಗೂ ನಗೆಯಾಡುವುದುಂಟು.

ಆ ಶಾಲೆ ಎಲ್ಲ ಪಂಥದವರಿಗೂ ತೆರೆದಿದ್ದ ಶಾಲೆ. ಲ್ಯಾರಿ ಕಥೋಲಿಕ, ಗಾಯಕ ಬಾನೊ ಅವರ ತಂದೆ ಕಥೋಲಿಕರು, ತಾಯಿ ಪ್ರೊಟೆಸ್ಟೆಂಟರು, ಗಿಟಾರ್ ನುಡಿಸುವ ಎಡ್ಜ್ ಮತ್ತು ಬೇಸ್ ಗಿಟಾರಿನ ಆ್ಯಡಮ್ ಕ್ಲೇಟನ್ ಪ್ರೊಟೆಸ್ಟೆಂಟ್ ಕುಟುಂಬಗಳಿಂದ ಬಂದವರು. ಉತ್ತರ ಐರ್ಲೆಂಡಿನಲ್ಲಿ ಈ ಎರಡು ಹೆಸರುಗಳ ಆಧಾರದ ಮೇಲೆ ರಕ್ತ ಹರಿಯುತ್ತಿದ್ದ ಕಾಲದಲ್ಲಿ ನಾಲ್ವರು ಹುಡುಗರು ಒಂದು ಅಡುಗೆಮನೆಯಲ್ಲಿ ಒಂದೇ ತಾಳಕ್ಕೆ ಕೈಗೂಡಿಸಿದರು. ಬಾನೊ ಸಹ 1974ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ತಾಯಿಯನ್ನು ಕಳೆದುಕೊಂಡವರು. ತಾಯಿಯಿಲ್ಲದ ಇಬ್ಬರು ಹುಡುಗರ ಸ್ನೇಹ ಆ ವೃಂದದ ಅಡಿಪಾಯದ ಕಲ್ಲುಗಳಲ್ಲೊಂದು.

1978ರ ಮಾರ್ಚ್ 17ರಂದು, ಐರ್ಲೆಂಡಿನ ಪಾಲಕ ಸಂತ ಪ್ಯಾಟ್ರಿಕ್ಕರ ಹಬ್ಬದ ದಿನ, ಲಿಮರಿಕ್ ನಗರದ ಸ್ಪರ್ಧೆಯೊಂದರಲ್ಲಿ ಅವರು ಮೊದಲ ಬಹುಮಾನ 500 ಪೌಂಡ್ ಗೆದ್ದರು. 1980ರಲ್ಲಿ ಮೊದಲ ಧ್ವನಿಮುದ್ರಿಕೆ 'ಬಾಯ್' ಬಂದಿತು. ಆ ವರ್ಷಗಳಲ್ಲಿ ಲ್ಯಾರಿ, ಬಾನೊ ಮತ್ತು ಎಡ್ಜ್ ಡಬ್ಲಿನ್ನಿನ 'ಶಾಲೋಮ್' ಎಂಬ ಕ್ರೈಸ್ತ ಪ್ರಾರ್ಥನಾ ಕೂಟವನ್ನು ಸೇರಿದ್ದರು. ವಿಶ್ವಾಸಿಯಾದವನು ರಾಕ್ ಸಂಗೀತ ನುಡಿಸಬಹುದೇ ಎಂಬ ಪ್ರಶ್ನೆ ಅವರನ್ನು ಕಾಡಿತು. ವೃಂದವೇ ಒಡೆಯುವ ಹಂತ ತಲುಪಿತು. ಕೊನೆಗೆ ಅವರು ಕೂಟದಿಂದ ಹೊರಬಂದರು, ಸಂಗೀತವನ್ನು ಬಿಡಲಿಲ್ಲ. ದೇವರು ಕೊಟ್ಟ ವರವನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕನ ಸಾಮತಿಯನ್ನು ಬಲ್ಲ ನಮಗೆ ಆ ತೀರ್ಮಾನ ಅರ್ಥವಾಗದೆ ಇರದು.

ಒಂದು ಸಣ್ಣ ಸಂಗತಿ ಇಲ್ಲಿ ಹೇಳಬೇಕು. ತಂದೆಯ ಹೆಸರೂ ಲ್ಯಾರಿಯೇ. ವೃಂದ ಹಣ ಗಳಿಸತೊಡಗಿದಾಗ ಮಗನಿಗೆ ಬರಬೇಕಾದ ದೊಡ್ಡ ತೆರಿಗೆಯ ನೋಟಿಸುಗಳು ಬಡಪಾಯಿ ತಂದೆಯ ಕೈ ಸೇರತೊಡಗಿದವು! ಅದನ್ನು ತಪ್ಪಿಸಲೆಂದೇ ಮಗ ತನ್ನ ಹೆಸರಿಗೆ 'ಜೂನಿಯರ್' ಸೇರಿಸಿಕೊಂಡದ್ದು. 2015ರ ಮೇ ತಿಂಗಳಲ್ಲಿ ಆ ತಂದೆ ತೀರಿಕೊಂಡಾಗ ವೃಂದದ ವಿಶ್ವಯಾತ್ರೆ ಕೆನಡಾದಲ್ಲಿ ಆರಂಭವಾಗುವ ಹೊತ್ತು. ಮಗ ಡಬ್ಲಿನ್ನಿಗೆ ಹೋಗಿ ತಂದೆಯ ಅಂತ್ಯಸಂಸ್ಕಾರದಲ್ಲಿ ಪಾಲ್ಗೊಂಡು, ಮರಳಿ ಬಂದು ಡ್ರಮ್ಮಿನ ಹಿಂದೆ ಕುಳಿತರು.

ಹಿಂದೆ ಕುಳಿತವನ ಕಾಯಕ

ಗಾಯಕನನ್ನು ಎಲ್ಲರೂ ನೋಡುತ್ತಾರೆ. ಡ್ರಮ್ ನುಡಿಸುವವನನ್ನು ನೋಡುವವರು ಕಡಿಮೆ. ಅವನು ತಪ್ಪಿದರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ. 1983ರ 'ವಾರ್' ಮುದ್ರಿಕೆಯ 'ಸಂಡೇ ಬ್ಲಡಿ ಸಂಡೇ' ಎಂಬ ಗೀತೆ ಆರಂಭವಾಗುವುದೇ ಲ್ಯಾರಿಯ ಡ್ರಮ್ಮಿನಿಂದ. ಅದು ಸೈನಿಕರ ನಡಿಗೆಯ ತಾಳ. ಅಂಚೆ ನೌಕರರ ಮೇಳದಲ್ಲಿ ಪಳಗಿದ ಕೈ ಅದರಲ್ಲಿ ಕೇಳಿಸುತ್ತದೆ. 1972ರ ಜನವರಿ 30ರ ಭಾನುವಾರ ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ನಾಗರಿಕ ಹಕ್ಕುಗಳಿಗಾಗಿ ಮೆರವಣಿಗೆ ಹೊರಟವರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ ಹದಿಮೂರು ಮಂದಿಯನ್ನು ಕೊಂದರು. ಗಾಯಗೊಂಡಿದ್ದ ಮತ್ತೊಬ್ಬರು ಅನಂತರ ತೀರಿಕೊಂಡರು. ಆ ಗೀತೆ ಸೇಡಿಗೆ ಕರೆ ನೀಡುವುದಿಲ್ಲ, ಹಿಂಸೆಯನ್ನೇ ಪ್ರಶ್ನಿಸುತ್ತದೆ. ಯುದ್ಧದ ವಾದ್ಯದಲ್ಲಿ ಶಾಂತಿಯ ಮಾತನ್ನು ನುಡಿಸಿದ್ದು ಅದರ ವಿಶೇಷ.

ಅದರ ಧ್ವನಿಮುದ್ರಣದ ಹಿಂದೆ ಒಂದು ಕಥೆಯಿದೆ. ಸ್ಟುಡಿಯೋದಲ್ಲಿ ವಾದಕನ ಕಿವಿಗೆ 'ಟಿಕ್ ಟಿಕ್' ಎಂದು ಸಮಕಾಲಕ್ಕೆ ಬಡಿಯುವ ಸದ್ದನ್ನು ಕೇಳಿಸಿ ವೇಗ ತಪ್ಪದಂತೆ ನೋಡಿಕೊಳ್ಳುವ ಪದ್ಧತಿಯಿದೆ. ಅದಕ್ಕೆ 'ಕ್ಲಿಕ್ ಟ್ರ್ಯಾಕ್' ಎಂದು ಹೆಸರು. ಲ್ಯಾರಿ ಮೊದಲು ಅದನ್ನು ಒಪ್ಪಲಿಲ್ಲ. ಆಗ ಸ್ಟುಡಿಯೋದಲ್ಲಿ ಅಕಸ್ಮಾತ್ತಾಗಿ ಭೇಟಿಯಾದ ಆ್ಯಂಡಿ ನ್ಯೂಮಾರ್ಕ್ ಎಂಬ ಹಿರಿಯ ಅಮೆರಿಕನ್ ವಾದಕರು ತಾವೂ ಅದನ್ನು ಬಳಸುವುದಾಗಿ ಹೇಳಿದರು. ಲ್ಯಾರಿ ಹಟ ಬಿಟ್ಟರು. ಸಹಾಯ ಪಡೆಯುವುದು ಸೋಲಲ್ಲ ಎಂಬುದನ್ನು ಹಿರಿಯನೊಬ್ಬ ತನ್ನ ಅನುಭವದಿಂದ ಹೇಳಿದಾಗ ಕಿರಿಯ ಅದನ್ನು ಕೇಳುತ್ತಾನೆ. ಡ್ರಮ್ಮನ್ನು ಸ್ಟುಡಿಯೋದ ಮೆಟ್ಟಿಲುಗಳ ಬುಡದಲ್ಲಿಟ್ಟು ನುಡಿಸಿ, ಕಲ್ಲಿನ ಕಟ್ಟಡದ ಮಾರ್ದನಿಯನ್ನೂ ಮುದ್ರಿಸಿಕೊಂಡರು.

1985ರ ಜುಲೈ 13ರಂದು ಇಥಿಯೋಪಿಯದ ಕ್ಷಾಮಪೀಡಿತರಿಗಾಗಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ 'ಲೈವ್ ಏಡ್' ಕಾರ್ಯಕ್ರಮದಲ್ಲಿ ಇನ್ನೊಂದು ಪರೀಕ್ಷೆ ಎದುರಾಯಿತು. ಹಾಡಿನ ಮಧ್ಯೆ ಬಾನೊ ವೇದಿಕೆಯಿಂದ ಕೆಳಗಿಳಿದು ಜನಸಂದಣಿಯತ್ತ ಹೋಗಿಬಿಟ್ಟರು. ಹಿಂದಿದ್ದ ಮೂವರಿಗೆ ಅವರು ಕಾಣಿಸುತ್ತಲೇ ಇರಲಿಲ್ಲ. ನಿಲ್ಲಿಸಬೇಕೇ, ಮುಂದುವರಿಸಬೇಕೇ ಎಂಬುದು ತಿಳಿಯದ ಆ ದೀರ್ಘ ನಿಮಿಷಗಳಲ್ಲಿ ಡ್ರಮ್ ನಿಲ್ಲಲಿಲ್ಲ. ಹಾಡು ಹನ್ನೆರಡು ನಿಮಿಷಗಳವರೆಗೆ ಎಳೆಯಿತು. ಮೂರನೆಯ ಹಾಡಿಗೆ ಸಮಯವೇ ಉಳಿಯಲಿಲ್ಲ. ವೃಂದದವರಿಗೆ ಸಿಟ್ಟು ಬಂದಿತ್ತು. ಜಗತ್ತು ಮಾತ್ರ ಅದನ್ನು ಅವರ ಮಹತ್ತ್ವದ ದಿನವೆಂದು ನೆನೆಯುತ್ತದೆ.

ಕೀರ್ತಿ ಬೆಳೆದಂತೆ ಸಂಕಟವೂ ಬಂದಿತು. 1990ರಲ್ಲಿ ಬರ್ಲಿನ್ನಿನಲ್ಲಿ ಹೊಸ ಮುದ್ರಿಕೆಗಾಗಿ ಕುಳಿತಾಗ ಯಂತ್ರದ ತಾಳಗಳತ್ತ ವೃಂದದ ಒಲವು ತಿರುಗಿತು. ತನ್ನ ಸ್ಥಾನ ಕುಗ್ಗುತ್ತಿದೆಯೆಂದು ಲ್ಯಾರಿಗೆ ಅನಿಸಿತು, ಜಗಳಗಳಾದವು. ಅವರು ಎದ್ದು ಹೋಗಲಿಲ್ಲ. ಹಳೆಯ ರಾಕ್ ವಾದಕರ ಕೈಚಳಕವನ್ನು ಕೇಳಿ ಕಲಿತರು, ತಾಳದ ಸುತ್ತ ಸುಳಿದು ನುಡಿಸುವುದನ್ನು ರೂಢಿಸಿಕೊಂಡರು. 1991ರಲ್ಲಿ ಹೊರಬಂದ 'ಅಖ್ತುಂಗ್ ಬೇಬಿ'ಯಲ್ಲಿ ಯಂತ್ರವೂ ಇದೆ, ಮನುಷ್ಯನೂ ಇದ್ದಾನೆ.

ಎಣಿಕೆಯೆಂಬ ಪರ್ವತ

ಇನ್ನು ಅವರ ಗುಟ್ಟಿನ ವಿಷಯಕ್ಕೆ ಬರೋಣ. ರಾಕ್ ಸಂಗೀತದಲ್ಲಿ ಸಾಮಾನ್ಯವಾಗಿ ನಾಲ್ಕು ಪೆಟ್ಟುಗಳಿಗೆ ಒಂದು ಆವರ್ತ. ಚರಣಕ್ಕೆ ಇಷ್ಟು ಆವರ್ತ, ಪಲ್ಲವಿಗೆ ಇಷ್ಟು, ನಡುವೆ ಬಿಡುವು ಇಷ್ಟು ಎಂದು ಲೆಕ್ಕವಿರುತ್ತದೆ. ಹಾಡಿನ ತಿರುವು ಬಂದಾಗ ಎಲ್ಲರಿಗೂ ದಾರಿ ತೋರಬೇಕಾದವನು ಡ್ರಮ್ ವಾದಕನೇ. ಈ ಆವರ್ತಗಳನ್ನು ಎಣಿಸುವುದು ತಮಗೆ ಎವರೆಸ್ಟ್ ಏರಿದಂತೆ ಎಂಬರ್ಥದಲ್ಲಿ ಲ್ಯಾರಿ ಹೇಳಿಕೊಂಡಿದ್ದಾರೆ. ಅಂಕಿಗಳೊಂದಿಗೆ ತಾವು ವ್ಯವಹರಿಸುವ ರೀತಿಯಲ್ಲಿ ಏನೋ ಸರಿಯಿಲ್ಲವೆಂಬುದು ಅವರಿಗೆ ಮೊದಲಿನಿಂದಲೂ ತಿಳಿದಿತ್ತು. ಅದಕ್ಕೆ ಹೆಸರು ಸಿಕ್ಕಿದ್ದು ಬಹಳ ತಡವಾಗಿ. ವೇದಿಕೆಯ ಮೇಲೆ ಅವರ ಮುಖ ಬಿಗಿದುಕೊಂಡಿರುವುದನ್ನು ಕಂಡು ನೋವೇನಾದರೂ ಇದೆಯೇ ಎಂದು ಕೇಳಿದವರಿದ್ದಾರೆ. ಅದು ಎಣಿಕೆಯ ಶ್ರಮ. ದೊಡ್ಡ ಭಾಗವನ್ನು ಸಣ್ಣ ಸಣ್ಣ ತುಂಡುಗಳನ್ನಾಗಿ ಒಡೆದು, ಒಂದೊಂದನ್ನೇ ದಾಟಿ ಅವರು ಆಚೆ ದಡ ಮುಟ್ಟುತ್ತಿದ್ದರು.

ಡಿಸ್ಕ್ಯಾಲ್ಕುಲಿಯಾ ಎಂಬುದು ಬುದ್ಧಿಯ ಕೊರತೆಯಲ್ಲ, ಸೋಮಾರಿತನವೂ ಅಲ್ಲ. ಬುದ್ಧಿ ಚುರುಕಾಗಿದ್ದರೂ ಸಂಖ್ಯೆಗಳ ಪ್ರಮಾಣವನ್ನು ಗ್ರಹಿಸುವಲ್ಲಿ ಮಿದುಳಿಗೆ ಎದುರಾಗುವ ತೊಡಕು ಅದು. ಅಕ್ಷರಗಳನ್ನು ಓದಲು ಕಷ್ಟವಾಗುವ ಡಿಸ್ಲೆಕ್ಸಿಯಾ ಅದರೊಡನೆ ಕೂಡಿಬರುವುದುಂಟು. ನೂರು ಮಂದಿಯಲ್ಲಿ ಮೂರರಿಂದ ಏಳು ಮಂದಿಗೆ ಈ ತೊಡಕಿರಬಹುದೆಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಹಾಗಾದರೆ ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬರೋ ಇಬ್ಬರೋ ಇರುವುದು ಸಹಜ. ನಮ್ಮ ಧರ್ಮಕೇಂದ್ರಗಳ ಶಾಲೆಗಳೂ ಇದಕ್ಕೆ ಹೊರತಲ್ಲ.

ತಲೆಯಲ್ಲಿ ನಿಲ್ಲದ ಸಂಖ್ಯೆ ನಾಲಿಗೆಯಲ್ಲೋ ಕೈಯಲ್ಲೋ ನಿಲ್ಲಬಹುದು ಎಂಬುದನ್ನು ನಮ್ಮ ನಾಡಿನ ಸಂಗೀತವೂ ಬಲ್ಲದು. ಮೃದಂಗದ ಗುರು ಶಿಷ್ಯನಿಗೆ 'ಒಂದು, ಎರಡು, ಮೂರು' ಎಂದು ಕಲಿಸುವುದಿಲ್ಲ. ಮೂರಕ್ಕೆ 'ತಕಿಟ', ನಾಲ್ಕಕ್ಕೆ 'ತಕಧಿಮಿ', ಐದಕ್ಕೆ 'ತಕತಕಿಟ' ಎಂದು ಬಾಯಲ್ಲಿ ಹೇಳಿಸಿ, ಕೈಯಲ್ಲಿ ತಾಳ ಹಾಕಿಸುತ್ತಾರೆ. ಸಂಖ್ಯೆ ಅಲ್ಲಿ ನುಡಿಯಾಗುತ್ತದೆ. ಮನೆಯಲ್ಲಿ ಹುಣಸೆಬೀಜ, ಕಡ್ಡಿ, ನಾಣ್ಯಗಳನ್ನು ಮುಟ್ಟಿಸಿ ಎಣಿಸುವುದನ್ನು ಕಲಿಸುವ ತಾಯಿಯೂ ಅದೇ ದಾರಿಯಲ್ಲಿದ್ದಾಳೆ. ಬಾಗಿಲು ಒಂದೇ ಅಲ್ಲ. ಒಂದು ಮುಚ್ಚಿದ್ದರೆ ಇನ್ನೊಂದನ್ನು ತಟ್ಟಬೇಕು.

ಸ್ವಂತ ಮನೆಯಲ್ಲಿಯೂ ಕಲಿಕೆಯ ತೊಡಕನ್ನು ಕಂಡ ತಂದೆಯಾದ ಲ್ಯಾರಿ, 'ಲೆಫ್ಟ್ ಬಿಹೈಂಡ್' ಎಂಬ ಸಾಕ್ಷ್ಯಚಿತ್ರಕ್ಕೆ ನಿರ್ಮಾಪಕರಲ್ಲೊಬ್ಬರಾಗಿ ನಿಂತು, ಅದಕ್ಕೆ ಸಂಗೀತವನ್ನೂ ಒದಗಿಸಿದರು. ನ್ಯೂಯಾರ್ಕ್ ನಗರದಲ್ಲಿ ಡಿಸ್ಲೆಕ್ಸಿಯಾ ಇರುವ ಮಕ್ಕಳಿಗಾಗಿ ಸರ್ಕಾರಿ ಶಾಲೆಯೊಂದನ್ನು ತೆರೆಸಲು ಹೋರಾಡಿದ ತಾಯಂದಿರ ಕಥೆ ಅದು. ಅವರ ಮಾತಿಗೆ ತೂಕ ಬಂದದ್ದು ಪ್ರಶಸ್ತಿಗಳಿಂದಲ್ಲ. ವೃಂದಕ್ಕೆ 22 ಗ್ರಾಮಿ ಪ್ರಶಸ್ತಿಗಳು ಬಂದಿವೆ, ನಿಜ. ಆದರೆ ಆ ಮಕ್ಕಳ ಪಾಡನ್ನು ಒಳಗಿನಿಂದ ಬಲ್ಲವನ ಮಾತಿನ ತೂಕವೇ ಬೇರೆ.

ಮೊದಲು ಬಂದು ಕೊನೆಗೆ ಹೋಗುವವ

'ವಾರ್' ಮುದ್ರಿಕೆಯ ಕೊನೆಯ ಗೀತೆಯ ಹೆಸರು '40'. ಅದರ ಆಧಾರ ಪವಿತ್ರ ಬೈಬಲಿನ 40ನೆಯ ಕೀರ್ತನೆ: ಪ್ರಭುವಿಗಾಗಿ ತಾಳ್ಮೆಯಿಂದ ಕಾದವನನ್ನು ಕೆಸರಿನಿಂದ ಮೇಲೆತ್ತಿ ಬಂಡೆಯ ಮೇಲೆ ನಿಲ್ಲಿಸಿದ ದೇವರ ಸ್ತುತಿ. ಹಲವು ವರ್ಷ ವೃಂದ ತನ್ನ ಕಾರ್ಯಕ್ರಮಗಳನ್ನು ಈ ಗೀತೆಯಿಂದಲೇ ಮುಗಿಸುತ್ತಿತ್ತು. ಜನ ಹಾಡುತ್ತಿರುವಂತೆಯೇ ಗಾಯಕ ಹೊರಟುಹೋಗುತ್ತಿದ್ದರು. ಬಳಿಕ ಇನ್ನಿಬ್ಬರು ಒಬ್ಬೊಬ್ಬರಾಗಿ. ಕೊನೆಗೆ ಲ್ಯಾರಿಯೊಬ್ಬರೇ ಉಳಿದು ತಾಳ ಹಾಕುತ್ತಿದ್ದರು. ಅವರು ಕೋಲುಗಳನ್ನು ಕೆಳಗಿಟ್ಟ ಮೇಲೂ ಸಾವಿರಾರು ಜನ ಕೀರ್ತನಕಾರನ ಆ ಮೊರೆಯನ್ನು ಹಾಡುತ್ತಲೇ ಮನೆಗೆ ಹೊರಡುತ್ತಿದ್ದರು. 2017ರ ಯಾತ್ರೆಯಲ್ಲಾದರೋ ವೇದಿಕೆಗೆ ಎಲ್ಲರಿಗಿಂತ ಮೊದಲು ಒಬ್ಬರೇ ನಡೆದು ಬಂದು ತಾಳ ಆರಂಭಿಸಿದವರೂ ಅವರೇ. 2019ರ ಡಿಸೆಂಬರ್ 15ರಂದು ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಈ ವೃಂದ ಭಾರತದ ಮಣ್ಣಿನಲ್ಲಿ ತನ್ನ ಮೊದಲ ಕಾರ್ಯಕ್ರಮ ನೀಡಿತು.

ದಶಕಗಳ ಬಡಿತಕ್ಕೆ ದೇಹ ಬೆಲೆ ತೆತ್ತಿತು. 2023ರಲ್ಲಿ ಲಾಸ್ ವೇಗಸ್‌ನಲ್ಲಿ ವೃಂದ 40 ಕಾರ್ಯಕ್ರಮಗಳ ಸರಣಿ ಆರಂಭಿಸಿದಾಗ ಲ್ಯಾರಿ ಶಸ್ತ್ರಚಿಕಿತ್ಸೆ ಮತ್ತು ಚೇತರಿಕೆಗಾಗಿ ಹಿಂದುಳಿದರು. ಅವರ ಜಾಗದಲ್ಲಿ ಡಚ್ ವಾದಕ ಬ್ರಾಮ್ ವಾನ್ ಡೆನ್ ಬರ್ಗ್ ಕುಳಿತರು. ತನ್ನ ಸ್ಥಾನದಲ್ಲಿ ಮತ್ತೊಬ್ಬ ಕುಳಿತಿರುವುದನ್ನು ದೂರದಿಂದ ನೋಡುವುದೂ ಒಂದು ತಪಸ್ಸು. ಚೇತರಿಸಿಕೊಂಡ ಬಳಿಕ ಅವರು ಮತ್ತೆ ಸಂಗಡಿಗರೊಡನೆ ಸ್ಟುಡಿಯೋ ಸೇರಿದರು.

ಹೆತ್ತವರಿಗೊಂದು ಮಾತು

ಲ್ಯಾರಿ ಮಲೆನ್ ಸಂತರೆಂದು ಸಾರುವುದು ಈ ಲೇಖನದ ಉದ್ದೇಶವಲ್ಲ. ಲೆಕ್ಕ ಬಾರದ ಮಕ್ಕಳೆಲ್ಲರೂ ಜಗತ್ಪ್ರಸಿದ್ಧರಾಗುತ್ತಾರೆಂದು ಹೇಳುವುದೂ ಅಲ್ಲ. ಹೆಚ್ಚಿನವರು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅವರು ನೋಯದೆ ಬೆಳೆದರೆ ಸಾಕು.

ಅದಕ್ಕೆ ಕಾನೂನಿನ ಆಸರೆಯೂ ಇದೆ. ವಿಕಲಚೇತನರ ಹಕ್ಕುಗಳ ಕುರಿತ 2016ರ ಅಧಿನಿಯಮವು ಡಿಸ್ಲೆಕ್ಸಿಯಾ, ಡಿಸ್ಕ್ಯಾಲ್ಕುಲಿಯಾ ಮುಂತಾದ ಕಲಿಕೆಯ ತೊಡಕುಗಳನ್ನು ಹೆಸರಿಸಿಯೇ ಒಳಗೊಂಡಿದೆ. ತಜ್ಞರ ಪರೀಕ್ಷೆಯ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂತಹ ರಿಯಾಯಿತಿಗಳನ್ನು ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ಪರೀಕ್ಷೆಯ ವ್ಯವಸ್ಥೆಯಿದೆ. 'ಜನ ಏನೆಂದಾರು' ಎಂಬ ಅಂಜಿಕೆಯಿಂದ ಮಗುವನ್ನು ತಜ್ಞರ ಬಳಿಗೆ ಕರೆದೊಯ್ಯದ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಕನ್ನಡಕ ಬೇಕಾದ ಮಗುವಿಗೆ ಕನ್ನಡಕ ಕೊಡಿಸಲು ನಾವು ನಾಚುವುದಿಲ್ಲ, ಇಲ್ಲೇಕೆ ನಾಚಬೇಕು?

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ದೇಹದ ಅಂಗಗಳ ಕುರಿತು ಹೇಳುತ್ತಾ, ದುರ್ಬಲವೆಂದು ಕಾಣುವ ಅಂಗಗಳೇ ಹೆಚ್ಚು ಅಗತ್ಯವಾದವು ಎಂದು ನೆನಪಿಸುತ್ತಾರೆ. ನಮ್ಮ ದೇವಾಲಯಗಳ ಗಾಯನವೃಂದಗಳಲ್ಲಿಯೂ ಹಿಂದಿನ ಸಾಲಿನಲ್ಲಿ ತಬಲವನ್ನೋ ಡ್ರಮ್ಮನ್ನೋ ನುಡಿಸುವ ಹುಡುಗನೊಬ್ಬ ಇರುತ್ತಾನೆ. ಅವನ ಅಂಕಪಟ್ಟಿ ಹೇಗಿದೆಯೆಂದು ವಿಚಾರಿಸುವವರು ಬಹಳ. ಬಲಿಪೂಜೆ ಮುಗಿದ ಮೇಲೆ ಅವನ ಬಳಿ ಹೋಗಿ, 'ಇಂದು ಚೆನ್ನಾಗಿ ನುಡಿಸಿದೆ ಮಗನೇ' ಎನ್ನುವವರು ಎಷ್ಟು ಮಂದಿ? ಮುಂದಿನ ಭಾನುವಾರ ನಮ್ಮಲ್ಲೊಬ್ಬರು ಆ ಮಾತನ್ನು ಆಡಿದರೆ ಸಾಕು.